ಚೂರು ನೆನಪು, ಇಡೀ ಕಥೆ

ನೆನಪು ಎಂದೂ ಸಾಲಾಗಿ ಬರುವುದಿಲ್ಲ. ಶಾಲೆಯಲ್ಲಿ ನಾವು ಮಕ್ಕಳಿಗೆ ಇತಿಹಾಸವನ್ನು ಇಸವಿ ಹಿಡಿದು ಸಾಲಾಗಿ ಕಲಿಸುತ್ತೇವೆ. ನಮ್ಮ ಸ್ವಂತ ಬದುಕು ಮಾತ್ರ ಹಾಗೆ ನೆನಪಾಗುವುದೇ ಇಲ್ಲ. ಒಂದು ಸೀರೆಯ ಅಂಚು, ಒಗ್ಗರಣೆಯ ವಾಸನೆ, ಯಾರೋ ಆಡಿ ನಿಲ್ಲಿಸಿದ ಅರ್ಧ ಮಾತು, ಹೀಗೆ ಚೂರುಚೂರಾಗಿ ಬರುತ್ತದೆ. ನಡುವಿನದೆಲ್ಲ ಎಲ್ಲೋ ಉದುರಿಹೋಗಿರುತ್ತದೆ. ಇಂಥ ಒಡೆದ ನೆನಪನ್ನು ಕಥೆ ಮಾಡಿ ಹೇಳುವುದು ಹೇಗೆ? ಪುಸ್ತಕ ಒಂದು ರೀತಿ ಹೇಳುತ್ತದೆ, ಸಿನಿಮಾ ಇನ್ನೊಂದು ರೀತಿ. ನಮ್ಮಂಥ ಹೆಣ್ಣುಮಕ್ಕಳು ಮೊದಲು ಓದಿ, ಆಮೇಲೆ ಟೆಂಟಿನಲ್ಲೋ ಟಾಕೀಸಿನಲ್ಲೋ ಕೂತು ನೋಡಿ, ಎರಡನ್ನೂ ಮನೆಗೆ ತಂದುಕೊಂಡವರು. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನಮಗೂ ಇದೆ ಎಂದುಕೊಂಡಿದ್ದೇನೆ.

ಕನ್ನಡದಲ್ಲಿ ಈ ಮಾತು ಬಂದಾಗ ಮೊದಲು ನೆನೆಯಬೇಕಾದವರು ತ್ರಿವೇಣಿ. ಅನಸೂಯಾ ಶಂಕರ್ ಎಂಬುದು ಅವರ ನಿಜ ಹೆಸರು. ಹುಟ್ಟಿದ್ದು 1928ರಲ್ಲಿ. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಕಾದಂಬರಿಗಳು ಕನ್ನಡದ ತೆರೆಗೆ ಬಂದದ್ದು ಆಮೇಲೆ: ‘ಬೆಳ್ಳಿಮೋಡ’ 1967ರಲ್ಲಿ, ‘ಹಣ್ಣೆಲೆ ಚಿಗುರಿದಾಗ’ 1968ರಲ್ಲಿ, ‘ಶರಪಂಜರ’ 1972ರಲ್ಲಿ. ಇವು ಯಾವುದನ್ನೂ ಅವರು ನೋಡಲಿಲ್ಲ.

‘ಶರಪಂಜರ’ದ ಕಾವೇರಿಯನ್ನು ಮರೆತವರು ಯಾರು? ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸು ಕದಡುತ್ತದೆ. ಮದುವೆಗೆ ಮುಂಚಿನ ಒಂದು ಪ್ರಸಂಗ, ಅದುಮಿಟ್ಟುಕೊಂಡಿದ್ದದ್ದು, ಆ ಹೊತ್ತಿನಲ್ಲಿ ತುಣುಕು ತುಣುಕಾಗಿ ಬಾಯಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಾವೇರಿಗೆ ಆ ದಿನಗಳು ಮುಗಿದವು. ಗಂಡನಿಗೆ ಮುಗಿಯಲಿಲ್ಲ, ನೆರೆಯವರಿಗೆ ಮುಗಿಯಲಿಲ್ಲ. ಅವಳು ಜೋರಾಗಿ ನಕ್ಕರೂ ಕಣ್ಣು, ಸುಮ್ಮನೆ ಕೂತರೂ ಕಣ್ಣು. ಒಡೆದದ್ದು ಅವಳ ನೆನಪು, ಅವಳನ್ನು ಕೊಂದದ್ದು ಊರಿನ ಗಟ್ಟಿ ನೆನಪು.

ಓದುವಾಗ ನಾವು ಕಾವೇರಿಯ ಪಕ್ಕದಲ್ಲಿರುತ್ತೇವೆ. ಅವಳ ಮುಖ ಹೇಗಿದೆ ಎಂದು ತ್ರಿವೇಣಿ ಪೂರ್ತಿ ಹೇಳಿ ಮುಗಿಸುವುದಿಲ್ಲ. ಉಳಿದದ್ದನ್ನು ನಮ್ಮ ಚಿಕ್ಕಮ್ಮನದೋ ಎದುರುಮನೆಯವಳದೋ ಮುಖ ತಂದು ನಾವೇ ತುಂಬಿಕೊಳ್ಳುತ್ತೇವೆ. ಪುಟ್ಟಣ್ಣ ಕಣಗಾಲರ ಸಿನಿಮಾ ಬಂದ ಮೇಲೆ ಕಾವೇರಿಗೆ ಒಂದೇ ಮುಖ, ಕಲ್ಪನಾರದು. ಇವತ್ತು ಹೊಸದಾಗಿ ಕಾದಂಬರಿ ಹಿಡಿದವರೂ ಆ ಕಣ್ಣುಗಳನ್ನು ಬಿಟ್ಟು ಓದಲಾರರು. ಸಿನಿಮಾದಲ್ಲಿ ನಾವೂ ಅವಳನ್ನು ನೋಡುವವರೇ, ಗುಂಪಿನಲ್ಲಿ ಕೂತು ‘ಈಗೇನು ಮಾಡುತ್ತಾಳೋ’ ಎಂದು ಕಾಯುವವರೇ. ಆ ನೆರೆಹೊರೆಯವರ ಸಾಲಿನಲ್ಲಿ ನಮ್ಮದೂ ಒಂದು ಕುರ್ಚಿ. ಪುಟ್ಟಣ್ಣನವರ ಶಕ್ತಿ ಇರುವುದು ಅಲ್ಲೇ. ನೋಡಿ ಹೊರಗೆ ಬಂದವರು ತಮ್ಮ ಬೀದಿಯ ಕಾವೇರಿಯನ್ನು ಮತ್ತೆ ಹಾಗೆಯೇ ನೋಡುವುದು ಕಷ್ಟ.

ಅದೇ ಚೂರುಗಳನ್ನು ಇಬ್ಬರು ಬೇರೆಬೇರೆಯಾಗಿ ಜೋಡಿಸಬಹುದು ಎಂಬುದಕ್ಕೆ ‘ನಾಯಿ ನೆರಳು’ ಒಳ್ಳೆಯ ಉದಾಹರಣೆ. ಎಸ್.ಎಲ್. ಭೈರಪ್ಪನವರ ಕಾದಂಬರಿ 1968ರದು. ಬೇರೆ ಊರಿನ ಹುಡುಗನೊಬ್ಬನಿಗೆ ಹಿಂದಿನ ಜನ್ಮದ ತುಣುಕುಗಳು ನೆನಪಿವೆ. ತಾನು ಆ ಮನೆಯ ಸತ್ತ ಮಗನೇ ಎನ್ನುತ್ತಾನೆ. ಮಗ ಬಂದನೆಂದು ಹಿರಿಯರು ಒಪ್ಪಿದರೆ, ಅವನಿಗಿಂತ ಎಷ್ಟೋ ದೊಡ್ಡವಳಾದ ವಿಧವೆ ಸೊಸೆಗೆ ಅವನು ಗಂಡನಾಗಬೇಕು. ಓದುತ್ತಿದ್ದಂತೆ ನಮ್ಮನ್ನು ಕಾಡುವುದು ಪುನರ್ಜನ್ಮದ ನಿಜ ಸುಳ್ಳು. ಗಿರೀಶ ಕಾಸರವಳ್ಳಿಯವರು 2006ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಭಾರವೆಲ್ಲ ವೆಂಕು ಎಂಬ ಆ ಹೆಂಗಸಿನ ಮೇಲೆ ಬಿತ್ತು. ಯಾರದೋ ನೆನಪು ತನ್ನ ಬದುಕಿನ ಬಾಗಿಲು ತಟ್ಟಿದಾಗ ಅವಳು ಏನು ಮಾಡಬೇಕು? ಓದಿದ ಮಗಳೇ ಎದುರು ನಿಂತಾಗ ಏನು ಹೇಳಬೇಕು? ಕಥೆ ಒಂದೇ, ಜೋಡಿಸಿದ ಕೈ ಬೇರೆಯಾದಾಗ ಪ್ರಶ್ನೆಯೇ ಬೇರೆಯಾಯಿತು.

ಇನ್ನು ನಮ್ಮ ಸೀಮೆಯ ಪುಸ್ತಕ. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಚಾಮರಾಜನಗರ, ನಂಜನಗೂಡು ಕಡೆಯ ಆಡುಮಾತಿನಲ್ಲೇ ಬರೆದದ್ದು. ದಲಿತ ಹುಡುಗ ಚೆನ್ನನಿಗೂ ಮೇಲುಜಾತಿಯ ಕುಸುಮಳಿಗೂ ಒಲವಾಗಿ, ಚೆನ್ನನ ಕೊಲೆಯಾಗುತ್ತದೆ. ಈ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳುವವರು ಅಲ್ಲಿ ಯಾರೂ ಇಲ್ಲ. ರಾತ್ರಿ ಮನೆಮನೆಯ ದೀಪಗಳು, ಅಂದರೆ ಜೋತಮ್ಮಗಳು, ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಆಡಿಕೊಳ್ಳುತ್ತವೆ. ಮಂಚವೂ ಮಾತಾಡುತ್ತದೆ. ಊರು ಮುಚ್ಚಿಟ್ಟ ನೆನಪು ಹೀಗೆ ಮೂಲೆಮೂಲೆಯಿಂದ ಜಿನುಗುತ್ತದೆ. ಅರ್ಥವಾಗದು ಎಂದು ಕೆಲವರು ದೂರುತ್ತಾರೆ. ನಾನು ಕಂಡಂತೆ, ಜೋರಾಗಿ ಓದಿದರೆ ನಮ್ಮ ಕಡೆಯ ಮಕ್ಕಳಿಗೆ ಅದು ಅಜ್ಜಿಯ ಮಾತಿನಷ್ಟೇ ಸಲೀಸು. ದೀಪಗಳು ಮಾತಾಡುವುದನ್ನು ಕ್ಯಾಮೆರಾ ತೋರಿಸಲಾರದು ಎಂದೇನಿಲ್ಲ. ತೋರಿಸಿದ ಕೂಡಲೇ ಅದು ಒಂದು ದೀಪವಾಗಿಬಿಡುತ್ತದೆ, ಪರದೆಯ ಮೇಲಿನ ದೀಪ. ಪುಸ್ತಕದಲ್ಲಿ ಅದು ನಮ್ಮ ಹಟ್ಟಿಯ ದೀಪ.

ಹಾಗೆಂದು ಸಿನಿಮಾದ ಕೈ ಸಣ್ಣದೆಂದು ತಿಳಿಯಬಾರದು. 2016ರಲ್ಲಿ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಂತು. ಕಾಣೆಯಾದವರ ಬಗ್ಗೆ ಪತ್ರಿಕೆಯಲ್ಲಿ ಬರುವ ಪ್ರಕಟಣೆಯ ಮಾತೇ ಅದರ ಹೆಸರು. ಆಲ್ಝೈಮರ್ ಕಾಯಿಲೆಯ ವೆಂಕೋಬ ರಾವ್ ಕಳೆದುಹೋಗುತ್ತಾರೆ. ಹುಡುಕಲು ಹೊರಟ ಮಗನಿಗೆ ಅಪ್ಪನ ಬಣ್ಣ, ಮೈಕಟ್ಟು ಬಿಟ್ಟರೆ ಹೆಚ್ಚೇನೂ ಗೊತ್ತಿಲ್ಲ. ಅಪ್ಪನ ಕಥೆಯನ್ನು ಅವನು ಪರರ ಬಾಯಿಂದ ತುಣುಕು ತುಣುಕಾಗಿ ಕೇಳಿ ತಿಳಿಯಬೇಕಾಗುತ್ತದೆ. ಮಗನನ್ನು ಕಂಡೂ ಗುರುತು ಸಿಗದ ಅನಂತನಾಗ್ ಅವರ ಆ ನೋಟವಿದೆಯಲ್ಲ, ಅದನ್ನು ಹೇಳಲು ಪುಸ್ತಕಕ್ಕೆ ಪುಟಗಟ್ಟಲೆ ಬೇಕಾಗುತ್ತಿತ್ತು.

ಆ ನೋಟ ನನಗೆ ಹೊಸದಾಗಿರಲಿಲ್ಲ. ನಮ್ಮವ್ವನ ಕೊನೆಯ ನಾಲ್ಕು ವರ್ಷ ಹಾಗೆಯೇ ಕಳೆಯಿತು. ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಉಂಡದ್ದು ಮರೆಯುತ್ತಿದ್ದಳು. ಹಳೆಯ ಸಿನಿಮಾ ಹಾಡುಗಳು ಮಾತ್ರ ಪಲ್ಲವಿಯಿಂದ ಕೊನೆಯ ಚರಣದವರೆಗೆ ತಪ್ಪದೆ ಬರುತ್ತಿದ್ದವು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಹೇಳಿದಳು: “ಅವನು ಕಾಲ್ ಮುರ್ಕಂಡು ಬಿದ್ದಿದ್ದಾಗ ನಾನೇ ಕನವ್ವ ನೋಡ್ಕಂಡುದ್ದು. ವಾಸಿಯಾದ ಮ್ಯಾಲ ಮದ್ವ ಆಗು ಅಂದ. ನಾ ಒಲ್ಲೆ ಅಂದ್ಬುಟ್ಟಿ.”

“ಅದು ಬೆಳ್ಳಿಮೋಡದ ಕತೆ ಅತ್ತೆ” ಎಂದು ಅತ್ತಿಗೆ ನಕ್ಕರು. ಹೌದು, ಅದು ಇಂದಿರಾಳ ಕಥೆ. ಆಸ್ತಿ ಕೈತಪ್ಪಿತೆಂದು ಬಿಟ್ಟುಹೋದ ಮೋಹನ ಕಾಲು ಮುರಿದುಕೊಂಡಾಗ ಆರೈಕೆ ಮಾಡಿ, ಅವನು ಮತ್ತೆ ಕೇಳಿದಾಗ ಒಪ್ಪದ ಇಂದಿರಾ. ಅವ್ವ ಆ ಕಾದಂಬರಿಯನ್ನು ಓದಿದ್ದಳು, ಸಿನಿಮಾವನ್ನೂ ನೋಡಿದ್ದಳು. ನಾನು ಕೆದಕಿ ಕೇಳಿದೆ: ಅವನು ಎಲ್ಲಿ ಮಲಗಿದ್ದ? ಹಿತ್ತಲ ಕಡೆಯ ಕೋಣೆಯಲ್ಲಿ, ನುಗ್ಗೆಮರದ ಕಿಟಕಿಯ ಪಕ್ಕ ಎಂದಳು. ಸಿನಿಮಾದಲ್ಲಿರುವುದು ಮಲೆನಾಡಿನ ಎಸ್ಟೇಟು. ನುಗ್ಗೆಮರದ ಕಿಟಕಿ ಇದ್ದದ್ದು ಚಾಮರಾಜನಗರದ ನಮ್ಮ ಹಳೆಯ ಮನೆಯಲ್ಲಿ. ಅಲ್ಲೇ ಕೂತು ಅವಳು ಮಧ್ಯಾಹ್ನ ಓದುತ್ತಿದ್ದದ್ದು.

ಆವತ್ತು ನನಗೆ ವ್ಯತ್ಯಾಸ ಹೊಳೆಯಿತು. ಸಿನಿಮಾ ತನ್ನ ನೆನಪನ್ನು ನಮಗೆ ಕೊಡುತ್ತದೆ. ಅದರ ಮುಖ, ಅದರ ಬೆಟ್ಟ, ಅದರ ಹಾಡು. ಪುಸ್ತಕ ನಮ್ಮ ನೆನಪನ್ನೇ ಎರವಲು ಪಡೆದು, ನಮ್ಮ ಕೋಣೆಯಲ್ಲೇ ತನ್ನ ಜನರನ್ನು ಮಲಗಿಸುತ್ತದೆ. ಹದಿನೇಳಕ್ಕೆ ಹಿರಿಯರು ತೋರಿಸಿದವರಿಗೆ ಕುತ್ತಿಗೆ ಕೊಟ್ಟು, ಬದುಕಿನಲ್ಲಿ ಯಾರಿಗೂ ‘ಒಲ್ಲೆ’ ಎನ್ನದ ನಮ್ಮವ್ವನ ಬಳಿ ಎಲ್ಲ ಉದುರಿದ ಮೇಲೂ ಒಂದು ‘ಒಲ್ಲೆ’ ಉಳಿದಿತ್ತು. ತ್ರಿವೇಣಿ ಕೊಟ್ಟದ್ದು ಎನ್ನಲೇ, ಅವ್ವನದೇ ಎನ್ನಲೇ?

ಪುಸ್ತಕ, ಸಿನಿಮಾ ಎರಡೂ ಬರುವ ಮುಂಚೆಯೇ ಒಡೆದ ನೆನಪನ್ನು ಹೇಳುವ ಮೂರನೆಯ ದಾರಿಯೊಂದು ನಮ್ಮಲ್ಲಿತ್ತು. ಅದು ನನಗೆ ಕಂಡದ್ದು ಪುಣಜನೂರಿನಲ್ಲಿ. ಸತ್ಯಮಂಗಲದ ರಸ್ತೆಯಲ್ಲಿ ಕರ್ನಾಟಕದ ಕೊನೆಯ ಕಡೆಗಿರುವ ಊರು, ಸುತ್ತ ಬಿಳಿಗಿರಿರಂಗನ ಬೆಟ್ಟದ ಕಾಡು, ಕಾಡಂಚಿನಲ್ಲಿ ಸೋಲಿಗರ ಪೋಡುಗಳು. 1974ರಲ್ಲಿ ಕಾಡು ವನ್ಯಧಾಮವಾದಾಗ ಬೇಟೆಯೂ ಕುಮರಿ ಬೇಸಾಯವೂ ನಿಂತವು, ಒಳಗಿದ್ದ ಎಷ್ಟೋ ಪೋಡುಗಳು ಜಾಗ ಬಿಟ್ಟು ಬರಬೇಕಾಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿ ಸೀಮೆಯ ಹಲವು ಪೋಡುಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ನಡುವೆ ಹೋದ ವರ್ಷಗಳಲ್ಲಿ ಹಳೆಯ ತಾವುಗಳ ನೆನಪು ಚೂರಾಯಿತು. ಅಲ್ಲಿನ ಮುದುಕಿಯರಿಗೆ ಇಸವಿ ಬೇಕಿಲ್ಲ. ಹಳ್ಳ, ಮರ, ಕಲ್ಲು, ಆನೆ ಬಂದ ರಾತ್ರಿ, ಇವೇ ಗುರುತು. ಒಬ್ಬಾಕೆ ಹೇಳುತ್ತ ಹೇಳುತ್ತ “ಅಲ್ಲಿಂದಾಚ್ಗ ಗ್ಯಾನ ಇಲ್ಲ ಕನವ್ವ” ಎಂದು ನಿಲ್ಲಿಸಿದರೆ, ಪಕ್ಕದಾಕೆ ಅಲ್ಲಿಂದ ಎತ್ತಿಕೊಳ್ಳುತ್ತಾಳೆ.

ಮಾದಪ್ಪನ ಕಥೆಯನ್ನು ಕಂಸಾಳೆಯವರು ಹಾಡುವುದೂ ಹೀಗೆಯೇ, ಒಂದೊಂದು ರಾತ್ರಿಗೆ ಒಂದೊಂದು ಸಾಲು. ‘ಸಂಕಮ್ಮನ ಸಾಲು’ ಸೋಲಿಗರ ಸಂಕಮ್ಮನದು. ಕಾಡಿಗೆ ಹೊರಟ ಗಂಡ ನೀಲಯ್ಯ ಅವಳ ಮೇಲೆ ಸಂಶಯಪಟ್ಟು ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅದಕ್ಕಾಗಿ ಪಡಬಾರದ ಕಷ್ಟಪಡುತ್ತಾಳೆ. ಎಂಟನೆಯ ತರಗತಿಯಲ್ಲಿ ಇದನ್ನು ಹೇಳಿದಾಗ ಪೋಡಿನ ಹುಡುಗಿಯೊಬ್ಬಳು ಎದ್ದು ನಿಂತು, “ನಮ್ಮಜ್ಜಿ ಬ್ಯಾರೆ ತರ ಹೇಳ್ತದ ಮಿಸ್, ಆದ್ರ ಅರ್ಧಕ್ಕೇ ನಿಲ್ಸ್‌ಬುಡ್ತದ” ಎಂದಳು. ಅಷ್ಟನ್ನೇ ಬರೆದುಕೊಂಡು ಬಾ ಎಂದೆ. ನಿಂತ ಜಾಗದಲ್ಲಿ ನಿನ್ನಿಂದ ಏನೂ ಸೇರಿಸಬೇಡ, ಸಿನಿಮಾದಲ್ಲಿ ನೋಡಿದ್ದನ್ನೂ ಹಾಕಬೇಡ, ನಾಲ್ಕು ಗೆರೆ ಖಾಲಿ ಬಿಡು ಎಂದೆ.

ಈಗ ಅವಳ ನೋಟ್‌ಬುಕ್ಕು ಪೋಡಿನಲ್ಲಿ ಮನೆಯಿಂದ ಮನೆಗೆ ಹೋಗುತ್ತಿದೆ. ಖಾಲಿ ಗೆರೆಗಳಲ್ಲಿ ಎರಡು ತುಂಬಿವೆ, ಬೇರೆ ಕೈಬರಹದಲ್ಲಿ.