ದಂಡಿನ ಕಾವಲಿಗೆ ಬಂದ ದೂರದ ಮೀನು

ಪೂರ್ವ ಬೆಂಗಳೂರಿನ ಕಲ್ಯಾಣ ನಗರದಲ್ಲಿ ಗೃಹಸ್ಥರೊಬ್ಬರು ನಾರ್ವೆ ದೇಶದ ಸಾಲ್ಮನ್ ಮೀನಿನ ತುಂಡೊಂದನ್ನು ಮನೆಗೆ ತರಿಸಿಕೊಂಡು, ಅದರ ಮೈಯ ತೇವವನ್ನು ಒರೆಸಿ, ಉಪ್ಪು ಸವರಿ, ಕಾದ ಕಾವಲಿಯ ಮೇಲೆ ತೊಗಲಿನ ಮಗ್ಗುಲು ಕೆಳಗಾಗುವಂತೆ ಇಡುವುದು ಈಗ ನೆರೆಹೊರೆಯವರನ್ನು ಬೆರಗುಗೊಳಿಸುವ ಸಂಗತಿಯಲ್ಲ. ಆದರೆ ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿ ಎತ್ತರದಲ್ಲಿದ್ದು, ಎರಡು ದಿಕ್ಕಿನ ಕಡಲಿನಿಂದಲೂ ನೂರೈವತ್ತು ಮೈಲಿಗೆ ಮಿಕ್ಕ ದೂರದಲ್ಲಿ, ಹೇಳಿಕೊಳ್ಳುವಂಥ ನದಿಯೊಂದೂ ಇಲ್ಲದೆ ಕೆರೆಗಳ ನೀರನ್ನೇ ನಂಬಿ ಬೆಳೆದ ಒಂದು ಊರು, ಉತ್ತರ ಧ್ರುವದ ನೆರೆಯಲ್ಲಿ ಈಜುವ ಮೀನನ್ನು ತನ್ನ ಒಲೆಯವರೆಗೆ ಕರೆತಂದುದು ಒಂದು ದಿನದ ಕೆಲಸವಲ್ಲ. ಆ ಮೀನು ನಡೆದುಬಂದ ದಾರಿಯು ಬಹುಮಟ್ಟಿಗೆ ದಂಡಿನ, ಎಂದರೆ ಕಂಟೋನ್ಮೆಂಟಿನ, ಅಡುಗೆಮನೆಯ ಇತಿಹಾಸವೇ ಆಗಿದೆ.

ಟಿಪ್ಪುವಿನ ಪತನಾನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಆಂಗ್ಲ ಸೈನ್ಯವು ಅಲ್ಲಿಯ ಜ್ವರಬಾಧೆಯನ್ನು ತಾಳಲಾರದೆ 1809ರಲ್ಲಿ ಹಲಸೂರಿನ ಬಯಲಿಗೆ ತನ್ನ ಠಾಣ್ಯವನ್ನು ವರ್ಗಾಯಿಸಿತು. ಅದಕ್ಕೆ ಮುಂಚೆಯೂ ಇಲ್ಲಿಯ ಜನ ಮೀನನ್ನು ಅರಿಯದವರಾಗಿರಲಿಲ್ಲ. ಕೆರೆ ಬತ್ತುವ ಕಾಲಕ್ಕೆ ಬಲೆಗೂ ಕೂಳಿಗೂ ಸಿಕ್ಕುತ್ತಿದ್ದ ಕೊರವ, ಗೆಂಡೆ, ಬಾಳೆಮೀನುಗಳು ಹಿಡಿದ ದಿನವೇ ಸಾರಾಗಿ ಮುಗಿಯುತ್ತಿದ್ದವಾದ್ದರಿಂದ ಅವಕ್ಕೆ ಹಿಮವೂ ಬೇಕಾಗಿರಲಿಲ್ಲ, ವಾಹನವೂ ಬೇಕಾಗಿರಲಿಲ್ಲ. ಕನ್ನಡ ನಾಡಿನಲ್ಲಿ ಮತ್ಸ್ಯಪಾಕವು ಹೀನವೆಂದು ಎಣಿಸಲ್ಪಟ್ಟಿತ್ತೆಂದು ಯಾರಾದರೂ ಭಾವಿಸಿದ್ದಲ್ಲಿ, ಅಂಥವರು ಹನ್ನೆರಡನೆಯ ಶತಮಾನದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವನ್ನು ತೆರೆದು ನೋಡಬಹುದು. ಮೀನಿನ ಜಾತಿಗಳನ್ನೂ ಗಾಳದ ವಿನೋದವನ್ನೂ ವರ್ಣಿಸಲು ಆ ರಾಜನು ಸಂಸ್ಕೃತದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅವನ ರಾಜಧಾನಿ ಕಲ್ಯಾಣಕ್ಕೂ ನಮ್ಮ ಈ ಬಡಾವಣೆಗೂ ಹೆಸರಿನ ಹೊರತು ಬೇರೆ ನಂಟಿಲ್ಲವೆಂಬುದನ್ನು ಮಾತ್ರ ಇಲ್ಲಿಯೇ ಹೇಳಿಬಿಡುವುದು ಕ್ಷೇಮ.

ಕೆರೆಯ ಮೀನಿನಲ್ಲಿ ದಂಡಿನ ಆಂಗ್ಲ ದೊರೆಗಳ ನಾಲಗೆ ತಣಿಯಲಿಲ್ಲ. ತಮ್ಮ ತಾಯ್ನಾಡಿನ ಮೇಜಿನ ಮೇಲೆ ಕಾಣುತ್ತಿದ್ದ ಸಾಲ್ಮನ್ನೇ ಬೇಕೆಂಬ ಹಂಬಲ ಅವರನ್ನು ಬಿಡಲಿಲ್ಲ. 1864ರ ಆಗಸ್ಟ್ 1ರಂದು ಜೋಲಾರಪೇಟೆಯಿಂದ ದಂಡಿನ ನಿಲ್ದಾಣದವರೆಗೆ ರೈಲುಮಾರ್ಗ ತೆರೆಯಿತು. ಮದರಾಸಿನ ಕಡಲು ಅಂದಿನಿಂದ ಎತ್ತಿನ ಬಂಡಿಯ ಹಲವು ದಿನಗಳ ದೂರವನ್ನು ಬಿಟ್ಟು ಒಂದು ರಾತ್ರಿಯ ದೂರಕ್ಕೆ ಸರಿದುಬಂತು. ಅದೇ 1864ರಲ್ಲಿ ಭೂಗೋಳದ ಮತ್ತೊಂದು ಪಾರ್ಶ್ವದಲ್ಲಿ, ಅಮೆರಿಕೆಯ ಸಾಕ್ರಮೆಂಟೊ ನದಿಯ ದಡದಲ್ಲಿ, ಹ್ಯಾಪ್‌ಗುಡ್ ಮತ್ತು ಹ್ಯೂಮ್ ಎಂಬವರ ಮಂಡಲಿಯು ಸಾಲ್ಮನ್ ಮೀನನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ ಬೆಸೆಯುವ ಉದ್ಯಮವನ್ನು ಆರಂಭಿಸಿತು. ಈ ಎರಡು ಘಟನೆಗಳಿಗೂ ಪರಸ್ಪರ ಸಂಬಂಧವೇನೂ ಇರಲಿಲ್ಲ. ಆದರೂ ದಂಡಿನ ಬಂಗಲೆಗಳ ಉಗ್ರಾಣದಲ್ಲಿ ಅವೆರಡೂ ಬಹುಬೇಗ ಸಂಧಿಸಿದವು.

ಹಿಮದ ಕಥೆ ಇನ್ನೂ ವಿಚಿತ್ರವಾದುದು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರನೆಂಬ ವರ್ತಕನು ಮ್ಯಾಸಚೂಸೆಟ್ಸ್ ಪ್ರಾಂತದ ಕೆರೆಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನು ಗರಗಸದಿಂದ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ಹಿಂದೂದೇಶಕ್ಕೆ ಕಳುಹಿಸುತ್ತಿದ್ದನು. ಆ ಹಿಮವನ್ನು ಕೂಡಿಡಲು 1842ರಲ್ಲಿ ಮದರಾಸಿನ ಕಡಲತಡಿಯಲ್ಲಿ ಎದ್ದ ಕಟ್ಟಡವೇ, ಮುಂದೆ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಾರಣದಿಂದ ಅವರ ಹೆಸರನ್ನು ಹೊತ್ತು ಇಂದಿಗೂ ನಿಂತಿದೆ. ಅಷ್ಟು ದುಬಾರಿಯಾದ ಹಿಮವು ಸಾಹೇಬರ ಪಾನಪಾತ್ರೆಗಾಯಿತೇ ಹೊರತು ಮೀನಿನ ಬುಟ್ಟಿಗಾಗಲಿಲ್ಲ. ಯಂತ್ರದಿಂದ ಹಿಮವನ್ನು ತಯಾರಿಸುವ ವಿದ್ಯೆ ಬಂದು ಅದರ ಬೆಲೆ ಇಳಿಯುವವರೆಗೆ, ದಂಡಿನಲ್ಲಿ ಸಾಲ್ಮನ್ ಎಂದರೆ ಡಬ್ಬಿಯ ಸಾಲ್ಮನ್ ಎಂದೇ ಅರ್ಥ.

ಆ ಡಬ್ಬಿಯ ಮೇಲಿನ ವ್ಯಾಮೋಹವನ್ನು ಖಂಡಿಸಿದವನೂ ಒಬ್ಬ ದಂಡಿನವನೇ ಎಂಬುದು ಗಮನಾರ್ಹ. ಮದರಾಸು ಸೈನ್ಯದ ಅಧಿಕಾರಿ ಕೆನಿ-ಹರ್ಬರ್ಟನು 'ವೈವರ್ನ್' ಎಂಬ ಕಾವ್ಯನಾಮದಲ್ಲಿ ಬರೆದು 1878ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಪಾಕಲೇಖನಗಳಲ್ಲಿ, ಕೈಗೆಟಕುವಂತೆ ತಾಜಾ ಪದಾರ್ಥವಿರಲು ಔತಣದ ದಿನ ಡಬ್ಬಿಯ ಮೀನನ್ನು ಬಡಿಸಿ ಹೆಮ್ಮೆಪಡುವ ಯಜಮಾನಿಯರನ್ನು ಹಾಸ್ಯಮಾಡಿದ್ದಾನೆ. ಅವನ ಮಾತಿನಲ್ಲಿ ವಿವೇಕವಿದೆಯಾದರೂ, ನನ್ನ ಕುತೂಹಲವು ಅವನಿಗಿಂತ ಹೆಚ್ಚಾಗಿ ಅವನ ಓದುಗರ ಬಂಗಲೆಯ ಹಿಂದೆ, ಮನೆಯಿಂದ ಬೇರೆಯಾಗಿ ಕಟ್ಟಿದ್ದ ಹೊಗೆಯ ಅಡುಗೆಮನೆಯಲ್ಲಿ ನಿಂತಿದ್ದ ಬಟ್ಲರನ ಕಡೆಗೆ ಹರಿಯುತ್ತದೆ. ಆತ ಬಹುಪಾಲು ತಮಿಳು ಸೀಮೆಯಿಂದ ಬಂದವನು. ಓದಲು ಬಾರದಿದ್ದರೂ ದೊರೆಸಾನಿ ಇಂಗ್ಲಿಷಿನಲ್ಲಿ ಓದಿ ಹೇಳಿದ್ದನ್ನು ಕೇಳಿ, ತನ್ನ ಮನಸ್ಸಿನಲ್ಲಿ ಅದನ್ನು ಅರಿಶಿನ, ಒಣಮೆಣಸಿನಕಾಯಿ, ನಿಂಬೆಹಣ್ಣುಗಳ ಭಾಷೆಗೆ ತಿರುಗಿಸಿಕೊಳ್ಳುತ್ತಿದ್ದವನು. ಡಬ್ಬಿಯ ಮೀನಾಗಿದ್ದರೆ ಬೆಂದ ಆಲೂಗಡ್ಡೆ, ಹಸಿಮೆಣಸಿನಕಾಯಿ, ಈರುಳ್ಳಿಗಳೊಡನೆ ಕಲಸಿ, ರೊಟ್ಟಿಯ ಪುಡಿಯಲ್ಲಿ ಹೊರಳಿಸಿ, ಕಾವಲಿಯಲ್ಲಿ ಎರಡೂ ಬದಿ ಕೆಂಪಗೆ ಹುರಿದರೆ ಕಟ್ಲೆಟ್ ಆಯಿತು. ಆಂಗ್ಲೋ-ಇಂಡಿಯನ್ ಮನೆಗಳು ಅದನ್ನು ತಮ್ಮದಾಗಿ ಮಾಡಿಕೊಂಡವು.

ನಿಜವಾದ ಸಾಲ್ಮನ್ ದೊರೆಯದಿದ್ದಾಗ ಅದರ ಪ್ರತಿನಿಧಿಯನ್ನು ಹುಡುಕುವ ಯತ್ನವೂ ನಡೆಯದಿರಲಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸನು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾದ ತನ್ನ ಗಾಳದ ಗ್ರಂಥದಲ್ಲಿ, ನಮ್ಮ ನದಿಗಳ ಮಹಶೀರ್ ಮೀನನ್ನು ಸಾಲ್ಮನ್‌ನೊಡನೆ ತೂಗಿ, ಸೆಣಸಾಟದಲ್ಲಿ ಮಹಶೀರೇ ಮೇಲೆಂದು ತೀರ್ಪಿತ್ತನು. ಕಾವೇರಿಯ ತೀರದವರು ಬಿಳಿಮೀನು ಎನ್ನುವ ಈ ಜಾತಿಯಲ್ಲಿ 120 ಪೌಂಡು ತೂಗಿದ ಒಂದನ್ನು 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದರು. ಇತ್ತ ನೀಲಗಿರಿಯ ತಣ್ಣೀರಿನಲ್ಲಿ ಸಾಲ್ಮನ್ ಕುಲಕ್ಕೆ ಸೇರಿದ ಟ್ರೌಟ್ ಮೀನನ್ನು ಬೆಳೆಸಲು ಫ್ರಾನ್ಸಿಸ್ ಡೇ ಎಂಬ ಪಂಡಿತನು 1863ರಿಂದ ತೊಡಗಿ ಪಟ್ಟ ಶ್ರಮವು ವಿಫಲವಾಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎಚ್. ಸಿ. ವಿಲ್ಸನ್ ಎಂಬಾತನಿಗೆ ಅದು ಕೈಗೂಡಿತು. ಆದರೆ ಇವೆಲ್ಲ ಬೇಟೆಗಾರರ ಸಂತೋಷಗಳು. ಬ್ಲ್ಯಾಕ್‌ಪಳ್ಳಿಯ ಅಡುಗೆಯವರಿಗೆ ಇವುಗಳಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಅವರಿಗೆ ಪ್ರಯೋಜನವಾದುದು ಮಾರುಕಟ್ಟೆ. ಆ ಬ್ಲ್ಯಾಕ್‌ಪಳ್ಳಿಯೇ ಇಂದಿನ ಶಿವಾಜಿನಗರ. ಅಲ್ಲಿ 1927ರಲ್ಲಿ ಕಟ್ಟಲ್ಪಟ್ಟು 1933ರಲ್ಲಿ ವಿಧ್ಯುಕ್ತವಾಗಿ ತೆರೆದ ರಸೆಲ್ ಮಾರ್ಕೆಟ್ಟು ಅಂದಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ಲನ ಹೆಸರಿನದು. ಸಂತ ಮೇರಿಯ ದೇವಾಲಯವು ಹತ್ತಿರದಲ್ಲಿಯೇ ಇದ್ದು, ಶುಕ್ರವಾರಗಳಲ್ಲಿಯೂ ತಪಸ್ಸಿನ ನಲವತ್ತು ದಿನಗಳಲ್ಲಿಯೂ ಮಾಂಸವನ್ನು ವರ್ಜಿಸುವ ಕ್ರೈಸ್ತ ಕುಟುಂಬಗಳು ಸುತ್ತಲೂ ನೆಲೆಸಿದ್ದುದರಿಂದ ಮೀನಿಗೆ ಇಲ್ಲಿ ಗಿರಾಕಿಗಳ ಬರವಿರಲಿಲ್ಲ. ದಖನಿ ಉರ್ದು, ತಮಿಳು, ಕನ್ನಡ ಮೂರೂ ಬೆರೆತ ಚೌಕಾಶಿಯಲ್ಲಿ ವಂಜರವೂ ಪಾಂಫ್ರೆಟ್ಟೂ ಬಿಕರಿಯಾಗುತ್ತಿದ್ದ ಕಟ್ಟೆಗಳ ಮೇಲೆಯೇ ರಾವಸ್ ಎಂಬ ಕಡಲಮೀನೂ ಬಂದು, 'ಇಂಡಿಯನ್ ಸಾಲ್ಮನ್' ಎಂಬ ಬಿರುದನ್ನು ಧರಿಸಿತು. ಕುಲದಿಂದ ಅದು ಸಾಲ್ಮನ್‌ಗೆ ಏನೂ ಆಗಬೇಕಾದುದಲ್ಲ. ಮಾಂಸವು ಬಿಳಿದು, ಕೊಬ್ಬು ಅಷ್ಟಿಲ್ಲ. ಆದರೂ ಮೆಣಸಿನ ಪುಡಿ, ಅರಿಶಿನ, ಶುಂಠಿ-ಬೆಳ್ಳುಳ್ಳಿಗಳ ಲೇಪದೊಡನೆ ಕಾವಲಿಯಲ್ಲಿ ಹುರಿದಾಗ ಅದರ ರುಚಿ ಯಾವ ಆಮದು ಮೀನಿಗೂ ಸೋಲುವುದಿಲ್ಲವೆಂಬುದು ನನ್ನ ಪಕ್ಷ.

ನಾರ್ವೆಯು ಈ ಕಥೆಯಲ್ಲಿ ಪ್ರವೇಶಿಸುವುದು ಮಾರಾಟಗಾರನಾಗಿ ಅಲ್ಲ, ಉಪಾಧ್ಯಾಯನಾಗಿ. 1952ರಲ್ಲಿ ನಮ್ಮ ಸರ್ಕಾರವೂ ನಾರ್ವೆಯೂ ವಿಶ್ವಸಂಸ್ಥೆಯೂ ಸೇರಿ ಮಾಡಿಕೊಂಡ ಒಪ್ಪಂದದ ಮೇರೆಗೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಯಂತ್ರದೋಣಿ, ಹಿಮದ ಕಾರ್ಖಾನೆ, ಶೈತ್ಯಾಗಾರಗಳ ಶಿಕ್ಷಣ ಮೊದಲಾಯಿತು. ಅರವತ್ತರ ದಶಕದಲ್ಲಿ ಆ ಯೋಜನೆಯ ಕೈ ನಮ್ಮ ಕಾರವಾರದವರೆಗೂ ಚಾಚಿತು. ಪಶ್ಚಿಮದ ಕರಾವಳಿಯಲ್ಲಿ ಹಿಮವು ಸುಲಭವಾದ ಮೇಲೆ ಘಟ್ಟ ಹತ್ತಿ ಬರುವ ಮೀನಿನ ಲಾರಿಗಳಿಗೆ ಬೆಂಗಳೂರು ದೂರವೆನಿಸಲಿಲ್ಲ. ಅತ್ತ ನಾರ್ವೆಯಲ್ಲಿ 1970ರಲ್ಲಿ ಹಿತ್ರಾ ದ್ವೀಪದ ಗ್ರೋಂಟ್‌ವೆಟ್ ಸೋದರರು ಕಡಲಿನಲ್ಲಿ ತೇಲುವ ಬಲೆಯ ಪಂಜರಗಳಲ್ಲಿ ಸಾಲ್ಮನ್ ಸಾಕಿ ಜಯಶಾಲಿಗಳಾದರು. ಅರಸರ ಮೇಜಿನ ಮೀನು ಅಂದಿನಿಂದ ಸಾಕುಪ್ರಾಣಿಯಾಯಿತು. ಅದರ ಮಾಂಸದ ಕಿತ್ತಳೆ ವರ್ಣವನ್ನು ಸಹ ಮೇವಿನಲ್ಲಿ ಬೆರೆಸಿಕೊಡುವ ದ್ರವ್ಯದಿಂದಲೇ ಒದಗಿಸಬೇಕಾಯಿತು. ವಿಮಾನದಲ್ಲಿ, ಮಂಜುಗಡ್ಡೆಯ ಹಾಸಿಗೆಯಲ್ಲಿ ಮಲಗಿ ಕಲ್ಯಾಣ ನಗರಕ್ಕೆ ಬರುವುದು ಈ ಸಾಕಿದ ಸಂತತಿಯೇ.

ಕಲ್ಯಾಣ ನಗರವಾದರೋ ದಂಡಿಗಿಂತ ಬಹಳ ಕಿರಿಯದು. ಹೆಣ್ಣೂರು ಬಾಣಸವಾಡಿಗಳ ನಡುವೆ, ಚೇಳಕೆರೆ ಎಂಬ ಹಳ್ಳಿಯನ್ನೂ ಅದರ ಕೆರೆಯನ್ನೂ ಮಡಿಲಲ್ಲಿಟ್ಟುಕೊಂಡು ಅದು ಹರಡಿತು. ಸಾವಿರಾರು ಮೈಲಿ ದೂರದ ಮೀನು ಅಡುಗೆಮನೆಗೆ ಸಮೀಪವಾಗುತ್ತ ಬಂದ ಕಾಲದಲ್ಲಿಯೇ ಕಣ್ಣೆದುರಿನ ಕೆರೆಯ ಮೀನು ಅಲ್ಲಿಂದ ದೂರವಾಗುತ್ತ ಹೋಯಿತು. ದಂಡು ಹುಟ್ಟಿದ ಹಲಸೂರಿನ ಕೆರೆಯಲ್ಲಿ 2016ರ ಮಾರ್ಚಿಯಲ್ಲಿ ಕೊಳಚೆಯ ನೀರಿನಿಂದ ಪ್ರಾಣವಾಯು ಕುಗ್ಗಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುದನ್ನು ನಗರವೆಲ್ಲ ಕಂಡಿತು.

ಇಷ್ಟರ ನಡುವೆ ಬದಲಾಗದೆ ಉಳಿದುದು ಕಾವಲಿ. ಬಟ್ಲರನು ಕಲಿತಿದ್ದ ಹದವೇ ಸಾಲ್ಮನ್‌ಗೂ ಸಲ್ಲುತ್ತದೆ: ಮೀನು ಒಣಗಿರಬೇಕು, ಕಬ್ಬಿಣ ಚೆನ್ನಾಗಿ ಕಾದಿರಬೇಕು, ಇಟ್ಟ ಮೇಲೆ ಅದನ್ನು ಕೆದಕಬಾರದು, ತೊಗಲು ಗರಿಯಾದಾಗ ತಾನಾಗಿಯೇ ಲೋಹವನ್ನು ಬಿಡುತ್ತದೆ. ತನ್ನ ಕೊಬ್ಬು ತನಗೇ ಸಾಕಾಗುವುದರಿಂದ ಎಣ್ಣೆ ಒಂದು ಚಮಚಕ್ಕಿಂತ ಹೆಚ್ಚು ಬೇಡ. ಕೆಳಗಿನಿಂದ ಏರುತ್ತ ಬರುವ ಮಾಸಲು ಬಣ್ಣ ಮುಕ್ಕಾಲು ಭಾಗವನ್ನು ಮುಟ್ಟಿದಾಗ ಮಗುಚಿ, ಕ್ಷಣಕಾಲ ಬಿಟ್ಟು ಇಳಿಸತಕ್ಕದ್ದು. ಪಕ್ಕದಿಂದ ಬಿಳಿಯ ಲೋಳೆ ಧಾರಾಳವಾಗಿ ಒಸರಿತೆಂದರೆ ಬೆಂಕಿ ಅತಿಯಾಯಿತೆಂದು ತಿಳಿಯಬೇಕು. ನಿಂಬೆಯ ರಸ ಕಡೆಯಲ್ಲಿ.

ದೊರೆಗಳು ಬರೆದ ಪಾಕಗ್ರಂಥಗಳು ಗ್ರಂಥಾಲಯಗಳಲ್ಲಿವೆ. ಅವರಿಗೆ ಅಡಿಗೆ ಮಾಡಿ ಬಡಿಸಿದವರ ವಿದ್ಯೆಯಾದರೋ ಫ್ರೇಜರ್ ಟೌನು, ಕಾಕ್ಸ್ ಟೌನು, ಹಲಸೂರುಗಳ ಹಳೆಯ ಮನೆಗಳಲ್ಲಿ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಮಾತ್ರ ಇದೆ. ತಾತನೋ ಮುತ್ತಾತನೋ ಬಟ್ಲರನಾಗಿದ್ದ ಮನೆಯವರು ಈ ಲೇಖನವನ್ನು ಓದುತ್ತಿದ್ದರೆ, ದಯಮಾಡಿ ಆ ಪಾಕಗಳನ್ನು, ಕಲಿಸಿದವರ ಹೆಸರಿನೊಡನೆ, ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಬರೆದಿಡಬೇಕು.