ಕೂಸಿನ ಮೊದಲ ಪಟ



ಕಳೆದ ತಿಂಗಳು ರಾಣೇಬೆನ್ನೂರಿನ ಮಗಳ ಮನೆಯಲ್ಲಿ ಮೊಮ್ಮಗಳ ಹೆರಿಗೆಯಾಯಿತು. ಹೆಣ್ಣು ಕೂಸು. ನಾನು ಮುತ್ತಜ್ಜನಾದೆ. ನೋಡಲು ಹೋದಾಗ ಬಾಣಂತಿ ಮೊಬೈಲನ್ನು ನನ್ನ ಕೈಗಿತ್ತು, “ಅಜ್ಜಾ, ಕೂಸಿನ ಫೋಟೋ ತಗಸ್ಬೇಕು. ಇಬ್ರು ಫೋಟೋಗ್ರಾಫರ್ ಅದಾರ. ಯಾರನ್ನ ಕರೀಲಿ? ನೀನ ಹೇಳು” ಎಂದಳು. ಮೂರೂವರೆ ದಶಕ ಇತಿಹಾಸ ಕಲಿಸಿದವನಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರ ಕಾರಣವನ್ನು ಹೇಳುವ ಮುನ್ನ, ರೂಢಿಯಂತೆ ಸ್ವಲ್ಪ ಇತಿಹಾಸ.

ಫ್ರಾನ್ಸಿನ ಡಾಗೇರ್ ತನ್ನ ಛಾಯಾಚಿತ್ರ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ಮರುವರ್ಷದ ಹೊತ್ತಿಗೆ ಆ ವಿದ್ಯೆ ಕಲ್ಕತ್ತೆಯನ್ನು ಮುಟ್ಟಿತ್ತು. 1854ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಹುಟ್ಟಿತು. ಆಗ ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳೆಲ್ಲ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಸರ್ಕಾರ ಈ ಸೀಮೆಯ ಗುಡಿಗಳ ಪಟ ತೆಗೆಯಲು ಡಾ. ಪಿಗೌ ಎಂಬ ವೈದ್ಯರನ್ನು ನೇಮಿಸಿತ್ತು. ಸುಮಾರು 1857ರಲ್ಲಿ ಅವರು ತೆಗೆದ ಹಾವೇರಿಯ ಸಿದ್ಧೇಶ್ವರ ದೇವಾಲಯದ ಚಿತ್ರ ಇಂದಿಗೂ ಉಳಿದಿದೆ. ಅವರ ಮತ್ತು ಇನ್ನಿಬ್ಬರ ಚಿತ್ರಗಳು ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗುಸನ್ ಅವರ ಬರಹದೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪ ಪಡೆದವು. ಪಶ್ಚಿಮಕ್ಕೆ ಮುಖ ಮಾಡಿ ನಿಂತ ಆ ಗುಡಿಗೆ ನಿಮ್ಮಲ್ಲಿ ಎಷ್ಟೋ ಜನರನ್ನು ನಾನು ಸಾಲುಗಟ್ಟಿಸಿ ಕರೆದೊಯ್ದಿದ್ದೇನೆ, ನೆನಪಿರಬಹುದು.

ಮೊದಲಿಗೆ ಗುಡಿಗಳ ಪಟಗಳೇ ಏಕೆ ಹೆಚ್ಚು? ಕಲ್ಲು ಅಲುಗಾಡುವುದಿಲ್ಲ. ಆ ಕಾಲದ ಕಾಗದದ ನೆಗೆಟಿವ್‌ಗಳಿಗೆ ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. 1851ರ ನಂತರ ಬಂದ ಗಾಜಿನ ಹಸಿ ಫಲಕಗಳಿಗೂ ಕೆಲವು ಕ್ಷಣಗಳು ಬೇಕಿದ್ದವು. ಕೂಸು ಅಷ್ಟು ಹೊತ್ತು ಸುಮ್ಮನಿದ್ದೀತೇ? ಇಂಗ್ಲೆಂಡು, ಅಮೆರಿಕಗಳಲ್ಲಿ ಇದಕ್ಕೊಂದು ಉಪಾಯ ಹುಡುಕಿದರು. ತಾಯಿಗೆ ತಲೆಯಿಂದ ಪಾದದವರೆಗೆ ಬಟ್ಟೆ ಹೊದಿಸಿ ಕುರ್ಚಿಯಂತೆ ಕೂರಿಸುವುದು, ಅವಳ ತೊಡೆಯ ಮೇಲೆ ಕೂಸನ್ನಿಡುವುದು. ಚಿತ್ರದಲ್ಲಿ ಕೂಸು ಮಾತ್ರ ಎಂಬ ಭ್ರಮೆ. ದಿಟ್ಟಿಸಿ ನೋಡಿದರೆ ಬಟ್ಟೆಯೊಳಗೆ ತಾಯಿಯ ಆಕಾರ! ನಿಶ್ಚಲವಾಗಿರುತ್ತಿದ್ದ ಕೂಸುಗಳೆಂದರೆ ನಿದ್ರಿಸಿದವು ಮತ್ತು ತೀರಿಕೊಂಡವು. ಎಷ್ಟೋ ಕುಟುಂಬಗಳಿಗೆ ಕೂಸಿನ ಮೊದಲ ಪಟವೇ ಕೊನೆಯ ಪಟವೂ ಆಗಿರುತ್ತಿತ್ತು.

1871ರಲ್ಲಿ ಮ್ಯಾಡಾಕ್ಸ್ ಎಂಬ ಇನ್ನೊಬ್ಬ ವೈದ್ಯರು ಒಣ ಫಲಕದ ದಾರಿ ತೋರಿಸಿದರು. ಕಾಲಕ್ರಮದಲ್ಲಿ ಕ್ಷಣಾರ್ಧದಲ್ಲಿ ಪಟ ತೆಗೆಯುವುದು ಸಾಧ್ಯವಾಯಿತು. 1888ರಲ್ಲಿ ಕೊಡಾಕ್, 1900ರಲ್ಲಿ ಒಂದು ಡಾಲರಿನ ಬ್ರೌನಿ ಕ್ಯಾಮೆರಾ ಬಂದು, ಪಟ ತೆಗೆಯುವುದು ಗೃಹಸ್ಥರ ಕೈಗೂ ಬಂತು. ಆದರೆ ಅಲ್ಲಿಂದ ಬ್ಯಾಡಗಿಯ ನಮ್ಮ ಓಣಿಗೆ ದಾರಿ ಬಹಳ ದೂರವಿತ್ತು.

ಈಗ ನಿದ್ದೆ ಬಾರದ ಕಾರಣ. 1956ರಲ್ಲಿ, ಕನ್ನಡ ಸೀಮೆಗಳೆಲ್ಲ ಒಂದಾದ ಆ ನವೆಂಬರಿನಲ್ಲಿ, ನನಗೊಬ್ಬ ತಂಗಿ ಹುಟ್ಟಿದಳು. ನನಗಾಗ ಹತ್ತು ವರ್ಷ. ನಮ್ಮ ತಂದೆ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಸುಗ್ಗಿಯ ಕಾಲದಲ್ಲಿ ನಾಲ್ಕು ಕಾಸು ಕೈಯಲ್ಲಾಡಿದಾಗ, ರೈಲಿನಲ್ಲಿ ರಾಣೇಬೆನ್ನೂರಿಗೆ ಹೋಗಿ ಸ್ಟುಡಿಯೋದಲ್ಲಿ ಮನೆಮಂದಿಯ ಪಟ ತೆಗೆಸುವ ಮಾತಾಡಿದರು. ಅಜ್ಜಿ ಒಪ್ಪಲಿಲ್ಲ. “ಕೂಸಿನ ಪಟಾ ತಗಸಿದ್ರ ಆಯುಷ್ಯ ಕಮ್ಮಿ ಆಕ್ಕೈತಿ. ಹಲ್ಲು ಬರ್ಲಿ, ಆಮ್ಯಾಲೆ ನೋಡೂಣು” ಎಂದರು. ಅಂದು ಅದು ನಮ್ಮೊಬ್ಬರ ಮನೆಯ ನಂಬಿಕೆಯೇನೂ ಆಗಿರಲಿಲ್ಲ. ದೃಷ್ಟಿ ತಾಗೀತೆಂದು ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಡುವ ಕೈಗಳು ಕ್ಯಾಮೆರಾದ ಕಣ್ಣಿಗೆ ಅಂಜಿದ್ದರಲ್ಲಿ ಆಶ್ಚರ್ಯವಿಲ್ಲ. ಕೂಸು ಕಳೆದುಕೊಳ್ಳುವುದು ಸಾಮಾನ್ಯವಾಗಿದ್ದ ಕಾಲವದು. ಆ ಅಂಜಿಕೆಯ ಬೇರು ಪ್ರೀತಿಯಲ್ಲೇ ಇತ್ತು.

ತಂಗಿಗೆ ಹಲ್ಲು ಬಂದವು. ಹತ್ತನೆಯ ತಿಂಗಳಲ್ಲಿ ಜ್ವರ ಬಂದು, ಮೂರೇ ದಿನದಲ್ಲಿ ಹೋಗಿಬಿಟ್ಟಳು. ಪಟ ತೆಗೆಸಿರಲಿಲ್ಲ, ಆಯುಷ್ಯ ಮಾತ್ರ ಉಳಿಯಲಿಲ್ಲ. ಅಜ್ಜಿ ಮತ್ತೆಂದೂ ಆ ಮಾತೆತ್ತಲಿಲ್ಲ. ಮೂವತ್ತು ವರ್ಷಗಳ ಮೇಲೆ, ಹಾಸಿಗೆ ಹಿಡಿದಿದ್ದ ನಮ್ಮವ್ವ ಒಂದು ಸಂಜೆ ನನ್ನನ್ನು ಕರೆದು, “ಆ ಕೂಸಿನ ಮುಖ ನಿನಗ ನೆನಪೈತೇನೋ? ನನಗ ಬರವಲ್ದು” ಎಂದಳು. ನಾನು “ಐತವ್ವ, ಥೇಟ್ ನಿನ್ಹಾಂಗ ಇತ್ತು” ಎಂದೆ. ಅದು ಸುಳ್ಳು. ನನಗೆ ನೆನಪಿದ್ದುದು ಕೆಂಪು ಅಂಚಿನ ಒಂದು ಕುಂಚಿಗೆ ಮಾತ್ರ. ಶಾಲೆಯಲ್ಲಿ ನಿಮಗೆ ಸತ್ಯವನ್ನೇ ನುಡಿಯಿರೆಂದು ಹೇಳುತ್ತಿದ್ದವನು ಹೆತ್ತವ್ವನಿಗೆ ಹೇಳಿದ ಸುಳ್ಳು ಇದು.

ಹೀಗಾಗಿ 1974ರಲ್ಲಿ ಮಗಳು ಹುಟ್ಟಿದಾಗ ನಾನು ಹಟದಿಂದ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಕೊಂಡೆ. ರೀಲಿಗೆ ಹನ್ನೆರಡು ಪಟ. ಆ ಪೆಟ್ಟಿಗೆಗೆ ಒಳ್ಳೆಯ ಬಿಸಿಲು ಬೇಕು. ಕೂಸಿಗೆ ಬಿಸಿಲು ಬೇಡ. ಅಂಗಳದಲ್ಲಿ ಕೌದಿಯ ಮೇಲೆ ಮಲಗಿಸಿ ತೆಗೆದ ಹನ್ನೆರಡರಲ್ಲಿ ಒಂಬತ್ತು ಕೆಟ್ಟವು, ಎರಡರಲ್ಲಿ ಅಳು. ಉಳಿದ ಒಂದರಲ್ಲಿ ಕಣ್ಣು ಮುಚ್ಚಿ ಮುಖ ಹಿಂಡಿಕೊಂಡಿದೆ. ಅದೇ ನಮ್ಮ ಮನೆಯ ಆಸ್ತಿ!

ಇಂದು ಹಸುಗೂಸುಗಳ ಪಟ ತೆಗೆಯುವುದೇ ಒಂದು ಪ್ರತ್ಯೇಕ ಕಸುಬಾಗಿದೆ. ನ್ಯೂಜಿಲೆಂಡಿನಲ್ಲಿ ಕೆಲಸ ಮಾಡಿದ ಆನ್ ಗೆಡ್ಡೆಸ್ ಅವರು ಕೂಸುಗಳನ್ನು ಹೂವು, ಎಲೆ, ಕುಂಡಗಳ ನಡುವೆ ಮಲಗಿಸಿ ತೆಗೆದ ಚಿತ್ರಗಳು 1990ರ ದಶಕದಲ್ಲಿ ಜಗತ್ತಿನಾದ್ಯಂತ ಹಬ್ಬಿದವು. ಆ ಬಗೆಯೇ ಈಗ ನಮ್ಮ ಊರುಗಳಿಗೂ ಬಂದಿದೆ. ಮೊಮ್ಮಗಳು ತೋರಿಸಿದ ಒಂದು ಪಟದಲ್ಲಿ, ವಾರದ ಕೂಸು ಎರಡೂ ಅಂಗೈಗಳ ಮೇಲೆ ಗಲ್ಲವಿಟ್ಟು ಕಪ್ಪೆಯಂತೆ ಕುಳಿತಿತ್ತು. ಕತ್ತು ನಿಲ್ಲದ ಕೂಸು ಹಾಗೆ ಕೂರುವುದು ಹೇಗೆ? ವಿಚಾರಿಸಿದಾಗ ತಿಳಿಯಿತು: ಅದು ಎರಡು ಚಿತ್ರಗಳ ಜೋಡಣೆ. ಒಂದರಲ್ಲಿ ಸಹಾಯಕರು ತಲೆಯನ್ನು ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಕೈಗಳನ್ನು. ಬಳಿಕ ಕಂಪ್ಯೂಟರಿನಲ್ಲಿ ಹಿಡಿದ ಕೈಗಳನ್ನು ಅಳಿಸುತ್ತಾರೆ. ಅಂದು ತಾಯಿಯನ್ನು ಬಟ್ಟೆಯಿಂದ ಮುಚ್ಚಿದರು, ಇಂದು ಕಂಪ್ಯೂಟರಿನಿಂದ. ಕೈ ಅಲ್ಲಿರುತ್ತದೆ ಎಂಬುದನ್ನು ಅರಿಯದೆ ಪಟವನ್ನಷ್ಟೇ ನೋಡಿ ಅನುಕರಿಸ ಹೊರಟವನು ಕೂಸಿಗೆ ಅಪಾಯ ತಂದಾನು.

ಇಬ್ಬರಿಗೂ ಫೋನು ಮಾಡಿಸಿದೆ. ಮೊದಲನೆಯವರು ದರ, ಬುಟ್ಟಿ, ಟೊಪ್ಪಿಗೆ, ಆಲ್ಬಮ್ಮುಗಳ ವಿವರ ಕೊಟ್ಟರು. ಕತ್ತಿನ ಮಾತು ಕೇಳಿದಾಗ, “ಒಂದು ಸೆಕೆಂಡ್ ಕೈ ಬಿಟ್ರೆ ಸಾಕ್ರಿ, ಏನೂ ಆಗಂಗಿಲ್ಲ” ಎಂದರು. ಎರಡನೆಯವರು ಒಬ್ಬ ಹೆಣ್ಣುಮಗಳು. ನಾವು ಪ್ರಶ್ನೆ ಕೇಳುವ ಮೊದಲೇ ಅವರೇ ಕೇಳಿದರು: ಕೂಸಿಗೆ ಎಷ್ಟು ದಿನ? ತೂಕವೆಷ್ಟು? ತಿಂಗಳು ತುಂಬಿ ಹುಟ್ಟಿದೆಯೇ? ನನಗೆ ಇನ್ನೇನೂ ಕೇಳಬೇಕೆನಿಸಲಿಲ್ಲ. ಆದರೂ ನಿಮ್ಮಲ್ಲಿ ಅಜ್ಜ ಅಜ್ಜಿಯರಾಗುತ್ತಿರುವವರಿಗಾಗಿ ಬರೆಯುತ್ತೇನೆ. ಪಟ ತೆಗೆಯುವವರು ಕೈ ತೊಳೆಯುತ್ತಾರೆಯೇ, ನೆಗಡಿ ಕೆಮ್ಮಿದ್ದರೆ ದಿನ ಮುಂದೂಡುತ್ತಾರೆಯೇ, ಕೋಣೆಯನ್ನು ಬೆಚ್ಚಗಿಡುತ್ತಾರೆಯೇ, ಕೂಸು ಅತ್ತರೆ ಹಾಲೂಡಿಸಲು ಕಾಯುತ್ತಾರೆಯೇ, ಹೆತ್ತವರ ಒಪ್ಪಿಗೆಯಿಲ್ಲದೆ ಚಿತ್ರವನ್ನು ಜಾಹೀರಾತಿಗೆ ಬಳಸುವುದಿಲ್ಲವೇ ಎಂಬುದನ್ನು ಕೇಳಿರಿ. ಹಿಂದಿನ ಪಟಗಳ ಅಂದವನ್ನು ನೋಡುವುದು ಆಮೇಲೆ.

ಆ ಹೆಣ್ಣುಮಗಳು ಮನೆಗೇ ಬಂದರು. ಹೆಸರಿಡುವ ಹಿಂದಿನ ದಿನ. ತೊಟ್ಟಿಲಿಗೆ ನಾನು ಹಾವೇರಿಯಿಂದ ಒಯ್ದ ಏಲಕ್ಕಿ ಮಾಲೆ ಕಟ್ಟಿದ್ದರು. ಕಿಟಕಿಯ ಬೆಳಕೇ ಸಾಕೆಂದರು. ತಂದಿದ್ದ ಬುಟ್ಟಿಯನ್ನು ಬದಿಗಿಟ್ಟು, ನಮ್ಮವ್ವ ಹೊಲಿದ ಹಳೆಯ ಕೌದಿಯನ್ನು ಹಾಸಿದರು. ಕೂಸಿನ ತಲೆಯ ಕೆಳಗೆ ನನ್ನ ಕೈಯಿತ್ತು. “ಕೈ ಅಳಿಸ್ಲೇನ್ರಿ ಸರ್?” ಎಂದು ಕೇಳಿದರು. ಬೇಡವೆಂದೆ.

ಪಟ ಬಂದಿದೆ. ಸುಕ್ಕುಗಟ್ಟಿದ ಕೈ, ಅದರಲ್ಲಿ ನಿದ್ರಿಸುವ ಮುಖ. ಅದರ ಬೆನ್ನಿಗೆ ಪೆನ್ಸಿಲಿನಿಂದ ಕೂಸಿನ ಹೆಸರು, ತಾರೀಖು, ಊರು ಬರೆದಿದ್ದೇನೆ. ನೀವೂ ಬರೆಯಿರಿ. ಮೊಬೈಲಿನಲ್ಲಿ ಸಾವಿರ ಪಟಗಳಿದ್ದರೂ ಒಂದನ್ನಾದರೂ ಕಾಗದಕ್ಕೆ ಇಳಿಸಿಡಿರಿ. ಮುಂದೆ ಯಾರಾದರೂ “ಮುಖ ನೆನಪಿದೆಯೇ” ಎಂದು ಕೇಳಿದಾಗ ನಿಮ್ಮ ಮಕ್ಕಳು ನನ್ನಂತೆ ಸುಳ್ಳು ಹೇಳುವಂತಾಗಬಾರದು.