ಗಣಿತ ಸಂಘ

ಗಣಿತ ಸಂಘವು ಪ್ರೌಢಶಾಲಾ ವಿದ್ಯಾರ್ಥಿಗಳು ತರಗತಿಯ ಪಾಠದ ಹೊರಗೆ ಒಟ್ಟುಗೂಡಿ ಗಣಿತದ ಸಮಸ್ಯೆಗಳನ್ನು ಬಿಡಿಸುವ ಮತ್ತು ಚರ್ಚಿಸುವ ಕೂಟ. ಇದನ್ನು ಗಣಿತ ಕ್ಲಬ್ ಎಂದೂ ಕರೆಯುತ್ತಾರೆ. ಶಿಕ್ಷಕರ ಮಾರ್ಗದರ್ಶನದಲ್ಲಿ ಶಾಲೆಯೊಳಗೇ ನಡೆಯುವ ಸಂಘಗಳಿರುವಂತೆ, ಹಲವು ಶಾಲೆಗಳ ಮಕ್ಕಳಿಗಾಗಿ ಸ್ವಯಂಸೇವಕರು ಉಚಿತವಾಗಿ ನಡೆಸುವ ಸಮುದಾಯ ಸಂಘಗಳೂ ಇವೆ. ಪರೀಕ್ಷೆಯ ಅಂಕಗಳಿಗಾಗಿ ಹೇಳುವ ಮನೆಪಾಠದಿಂದ ಇದು ಭಿನ್ನವಾದುದು. ಉತ್ತರವು ಏಕೆ ಸರಿ ಎಂಬ ವಿಚಾರಕ್ಕೆ ಇಲ್ಲಿ ಹೆಚ್ಚಿನ ಮಹತ್ವವಿದೆ.

ಇತಿಹಾಸ

ಶಾಲಾ ಮಕ್ಕಳ ಗಣಿತಾಸಕ್ತಿಗೆ ತರಗತಿಯ ಹೊರಗೆ ವೇದಿಕೆ ಒದಗಿಸುವ ಪ್ರಯತ್ನಗಳು ಹಂಗೇರಿಯಲ್ಲಿ 1894ರಲ್ಲಿ ಆರಂಭವಾದ ಸ್ಪರ್ಧೆ ಹಾಗೂ ವಿದ್ಯಾರ್ಥಿ ನಿಯತಕಾಲಿಕದಿಂದ ಬಲಗೊಂಡವು. 1930ರ ದಶಕದಲ್ಲಿ ಲೆನಿನ್‌ಗ್ರಾಡ್ ಮತ್ತು ಮಾಸ್ಕೋ ನಗರಗಳಲ್ಲಿ ಗಣಿತ ಕೂಟಗಳು ಬೆಳೆದವು. ಭಾರತದಲ್ಲಿ ಗಣಿತ ಶಿಕ್ಷಕರ ಸಂಘವು 1965ರಲ್ಲಿ ಸ್ಥಾಪನೆಗೊಂಡಿತು. ದೇಶವು 1989ರಿಂದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಭಾಗವಹಿಸುತ್ತಿದ್ದು, 1996ರ ಒಲಿಂಪಿಯಾಡ್ ಮುಂಬಯಿಯಲ್ಲಿ ನಡೆಯಿತು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಆವಿಷ್ಕಾರ ಅಭಿಯಾನವು ಶಾಲೆಗಳಲ್ಲಿ ವಿಜ್ಞಾನ ಮತ್ತು ಗಣಿತ ಸಂಘಗಳನ್ನು ಉತ್ತೇಜಿಸಿತು.

ಕಾರ್ಯವಿಧಾನ

ಸಾಮಾನ್ಯವಾಗಿ ಒಂದು ಸಭೆಯಲ್ಲಿ ಒಂದೆರಡು ಸಮಸ್ಯೆಗಳನ್ನು ಮಾತ್ರ ಎತ್ತಿಕೊಳ್ಳಲಾಗುತ್ತದೆ. ಉದಾಹರಣೆಗೆ, ಮೊದಲ ಮತ್ತು ಕೊನೆಯ ಅಂಕಿಗಳ ನಡುವೆ ಕನಿಷ್ಠ 2ರ ಅಂತರವಿರುವ ಯಾವುದೇ ಮೂರಂಕಿಯ ಸಂಖ್ಯೆಯನ್ನು ತಿರುಗಿಸಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆದು, ಬಂದ ಸಂಖ್ಯೆಗೆ ಅದರದೇ ತಿರುವನ್ನು ಕೂಡಿಸಿದರೆ ಯಾವಾಗಲೂ 1089 ದೊರೆಯುತ್ತದೆ. 752ರಿಂದ 257 ಕಳೆದರೆ 495; ಅದಕ್ಕೆ 594 ಕೂಡಿಸಿದರೆ 1089. ಹೀಗೇಕೆ ಆಗುತ್ತದೆ ಎಂದು ಕೇಳಿದಾಗ ಬೀಜಗಣಿತ ಆರಂಭವಾಗುತ್ತದೆ. ಕಳೆದು ಬಂದ ಸಂಖ್ಯೆ ಯಾವಾಗಲೂ 99ರ ಗುಣಕವಾಗಿದ್ದು, ಅದರ ನಡುವಿನ ಅಂಕಿ 9 ಹಾಗೂ ಎರಡು ತುದಿಗಳ ಅಂಕಿಗಳ ಮೊತ್ತವೂ 9 ಆಗಿರುತ್ತದೆ.

ರೈತ ಕುಟುಂಬದ ಮಕ್ಕಳಿಗೆ 1089 ಮತ್ತೊಂದು ಕಡೆಯಿಂದಲೂ ಪರಿಚಿತ. ಪ್ರತಿ ಬದಿ 33 ಅಡಿಯಿರುವ ಚೌಕವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40 ಗುಂಟೆಗಳು ಸೇರಿ ಒಂದು ಎಕರೆ.

ಸಂಘಗಳಿಗೆ ಒದಗುವ ಇನ್ನೊಂದು ವಿಷಯ ಕಾಪ್ರೇಕರ್ ಸ್ಥಿರಾಂಕವಾದ 6174. ಇದನ್ನು 1949ರಲ್ಲಿ ಗುರುತಿಸಿದ ಡಿ. ಆರ್. ಕಾಪ್ರೇಕರ್ ಅವರು ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು.

ಕರ್ನಾಟಕದಲ್ಲಿ

ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದನು. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದನು. ಇತ್ತೀಚಿನ ದಶಕಗಳಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮತ್ತು ಅದರ ಬಾಲವಿಜ್ಞಾನ ಪತ್ರಿಕೆ ಶಾಲಾ ಮಕ್ಕಳಲ್ಲಿ ವಿಜ್ಞಾನದ ಆಸಕ್ತಿ ಬೆಳೆಸಿವೆ. ಅಕ್ಷರ ಪ್ರತಿಷ್ಠಾನವು ಸರ್ಕಾರದೊಂದಿಗೆ ನಡೆಸುವ ಗಣಿತ ಕಲಿಕಾ ಆಂದೋಲನ ಮುಖ್ಯವಾಗಿ ಪ್ರಾಥಮಿಕ ತರಗತಿಗಳನ್ನು ಉದ್ದೇಶಿಸಿದ್ದು, ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳನ್ನೂ ಒಳಗೊಂಡಿದೆ.

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ

ರಾಯಚೂರು ಜಿಲ್ಲೆಯ ಈ ಮೂರು ತಾಲೂಕುಗಳಂತಹ ಪ್ರದೇಶದಲ್ಲಿ ಉಚಿತ ಸಂಘದ ಅಗತ್ಯ ಹೆಚ್ಚು. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ಸಿಂಧನೂರು ಮತ್ತು ಲಿಂಗಸುಗೂರನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಮಸ್ಕಿ ಆಗ ಪ್ರತ್ಯೇಕ ತಾಲೂಕಾಗಿರಲಿಲ್ಲ. 2018ರಲ್ಲಿ ರಾಯಚೂರು ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷೆಯ ಜಿಲ್ಲೆಗಳಲ್ಲಿ ಒಂದಾಯಿತು.

ಇಲ್ಲಿನ ಪರಿಸರದಲ್ಲಿಯೇ ಗಣಿತಕ್ಕೆ ಬೇಕಾದ ಸಾಮಗ್ರಿಯಿದೆ. ಸಿಂಧನೂರಿನ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಹರಿಯುವ ನೀರಿನ ಪ್ರಮಾಣ, ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರಿಗೆ ದೊರೆಯುವ ಚಿನ್ನದ ಅನುಪಾತ, 1915ರಲ್ಲಿ ಪತ್ತೆಯಾದ ಮಸ್ಕಿಯ ಅಶೋಕ ಶಾಸನದ ಕಾಲಗಣನೆ ಇಂತಹ ವಿಷಯಗಳು. ಪಟ್ಟಣಕ್ಕೆ ಬರುವ ಪ್ರಯಾಣ ವೆಚ್ಚವೂ ಹಾಜರಾತಿಯನ್ನು ನಿರ್ಧರಿಸುತ್ತದೆ. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಗಿದೆ.

ಭಾಷೆಯ ಪ್ರಶ್ನೆ

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನ ವಿಭಾಗ ಸೇರುವ ವಿದ್ಯಾರ್ಥಿಗೆ ವರ್ಗಸಮೀಕರಣವು ಕ್ವಾಡ್ರಾಟಿಕ್ ಈಕ್ವೇಶನ್ ಆಗಿ, ಸಂಭವನೀಯತೆಯು ಪ್ರಾಬಬಿಲಿಟಿಯಾಗಿ ಎದುರಾಗುತ್ತದೆ. ಗೊತ್ತಿರುವ ಗಣಿತವೂ ಅಪರಿಚಿತವಾಗಿ ಕಂಡು, ಕೆಲವರು ವಿಭಾಗವನ್ನೇ ಬದಲಿಸುವುದುಂಟು. ಒಲಿಂಪಿಯಾಡ್ ಸಿದ್ಧತೆಗೆ ಪ್ರಸಿದ್ಧವಾದ ಪುಸ್ತಕಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಚರ್ಚಿಸುತ್ತ ಎರಡೂ ಭಾಷೆಗಳ ಪದಗಳನ್ನು ಜೊತೆಗೇ ಬಳಸುವ ಸಂಘವು ಈ ಅಂತರವನ್ನು ಎಂಟನೆಯ ತರಗತಿಯಿಂದಲೇ ಕಡಿಮೆ ಮಾಡಬಲ್ಲದು.

ಇತಿಮಿತಿಗಳು

ಒಬ್ಬ ಶಿಕ್ಷಕ ಅಥವಾ ಸ್ವಯಂಸೇವಕರನ್ನೇ ನೆಚ್ಚಿಕೊಂಡ ಸಂಘವು ಅವರ ವರ್ಗಾವಣೆಯೊಂದಿಗೆ ನಿಂತುಹೋಗುವ ಸಾಧ್ಯತೆಯಿದೆ. ಹೆಚ್ಚು ಅಂಕ ಪಡೆದವರನ್ನಷ್ಟೇ ಆರಿಸಿಕೊಂಡರೆ, ಗಣಿತಕ್ಕೆ ಹೆದರುವ ಮಕ್ಕಳು ಹೊರಗೇ ಉಳಿಯುತ್ತಾರೆ. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಮಾರ್ಗದರ್ಶನ ನೀಡುವ ಪದ್ಧತಿ ಮತ್ತು ಪ್ರವೇಶ ಪರೀಕ್ಷೆಯಿಲ್ಲದ ಸದಸ್ಯತ್ವ ಈ ಎರಡು ತೊಡಕುಗಳಿಗೆ ಪರಿಹಾರಗಳಾಗಿವೆ.